ಅತಿಥಿಗೂ ಜಾಲ, ಗುಟ್ಟು ಮನೆಯಲ್ಲೇ: ಎಜುರೋಮ್

ಮಸ್ಕತ್‌ನ ಅಲ್ ಖೌದ್‌ನಲ್ಲಿರುವ ಸುಲ್ತಾನ್ ಖಾಬೂಸ್ ವಿಶ್ವವಿದ್ಯಾಲಯ ಬಾಗಿಲು ತೆರೆದದ್ದು 1986ರಲ್ಲಿ. ಇಂಥ ಕ್ಯಾಂಪಸ್‌ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕಿಯೊಬ್ಬರು ಬಂದರೆ ಅವರಿಗೆ ಇಂಟರ್ನೆಟ್ ಕೊಡುವುದು ಹೇಗೆ? ಹೊಸ ಪಾಸ್‌ವರ್ಡ್ ಚೀಟಿ ಕೊಡಬಹುದು. ಆದರೆ ಅದು ಸಂಜೆಯೊಳಗೆ ಹತ್ತು ಕೈ ದಾಟಿರುತ್ತದೆ!

ಇದಕ್ಕೆ ವಿಶ್ವವಿದ್ಯಾಲಯಗಳು ಕಂಡುಕೊಂಡ ದಾರಿ ಎಜುರೋಮ್ ಎಂಬ ವೈಫೈ ವ್ಯವಸ್ಥೆ. 2003ರಲ್ಲಿ ಯುರೋಪಿನಲ್ಲಿ ಆರಂಭವಾದ ಇದರ ಮೂಲ ಕಲ್ಪನೆ ನೆದರ್ಲೆಂಡ್ಸ್‌ನ ಕ್ಲಾಸ್ ವೀರೆಂಗಾ ಅವರದು. ಒಮಾನ್‌ನಲ್ಲಿ ಇದರ ಹೊಣೆ ಸಂಶೋಧನೆ ಮತ್ತು ಶಿಕ್ಷಣ ಜಾಲ ಓಮ್‌ರೆನ್‌ನದು. ಭಾರತದಲ್ಲಿ ಅರ್ನೆಟ್ ಇಂಡಿಯಾದ್ದು.

ಕೆಲಸ ನಡೆಯುವ ಬಗೆ ಸ್ವಾರಸ್ಯಕರ. ಬಳಕೆದಾರರ ಹೆಸರಿನಲ್ಲಿ ಆಟ್ ಚಿಹ್ನೆಯ ನಂತರ ತವರು ಸಂಸ್ಥೆಯ ವಿಳಾಸವಿರುತ್ತದೆ. ಅದನ್ನು ನೋಡಿದ ಸ್ಥಳೀಯ ರೇಡಿಯಸ್ ಸರ್ವರ್ (ಗುರುತು ದೃಢೀಕರಿಸುವ ಸರ್ವರ್), ಕೋರಿಕೆಯನ್ನು ರಾಷ್ಟ್ರೀಯ ಸರ್ವರ್‌ಗೆ, ಅಲ್ಲಿಂದ ಅಂತರರಾಷ್ಟ್ರೀಯ ಹಂತದ ಮೂಲಕ ತವರಿಗೆ ದಾಟಿಸುತ್ತದೆ. ಪಾಸ್‌ವರ್ಡ್ ಪರಿಶೀಲಿಸುವುದು ತವರು ಸಂಸ್ಥೆಯೇ. ಪಾಸ್‌ವರ್ಡ್ ಗೂಢಲಿಪೀಕೃತ ಸುರಂಗದಲ್ಲಿ ಸಾಗುವುದರಿಂದ ಆತಿಥೇಯರ ಕಣ್ಣಿಗೆ ಬೀಳುವುದಿಲ್ಲ. ಹೌದು ಅಥವಾ ಇಲ್ಲ ಎಂಬ ಉತ್ತರವಷ್ಟೇ ಮರಳುತ್ತದೆ. ಒಳಬಂದ ಅತಿಥಿಗಳನ್ನು ವಿಎಲ್ಎಎನ್ ಎಂಬ ಪ್ರತ್ಯೇಕ ಭಾಗದಲ್ಲಿ ಇರಿಸಿ, ಆಡಳಿತದ ಕಂಪ್ಯೂಟರುಗಳಿಂದ ದೂರವಿಡಬಹುದು.

ಹೋಟೆಲು, ವಿಮಾನ ನಿಲ್ದಾಣಗಳ ಪದ್ಧತಿ ಬೇರೆ: ಬ್ರೌಸರ್‌ನಲ್ಲಿ ಪುಟ ತೆರೆದು ಒಟಿಪಿ ಕೇಳುವ ಅದು ಕ್ಯಾಪ್ಟಿವ್ ಪೋರ್ಟಲ್.

ಹಲವರು ಎಡವುವುದು ಇಲ್ಲಿ: ಎಜುರೋಮ್ ಎಲ್ಲರಿಗೂ ಮುಕ್ತವಾದ ಉಚಿತ ವೈಫೈ ಅಲ್ಲ, ಸದಸ್ಯ ಸಂಸ್ಥೆಗಳವರಿಗೆ ಮಾತ್ರ. ಅದರ ಪ್ರವೇಶ ಮಾನದಂಡ ಐಇಇಇ 802.1ಎಕ್ಸ್, ರೇಡಿಯಸ್ ದೃಢೀಕರಣದ ಯುಡಿಪಿ ಪೋರ್ಟ್ 1812.