ಮರುಳನ ಚಾಕರಿ

ಡ್ರಾಕುಲಾ ಯಾರೆಂದರೆ ರಕ್ತ ಕುಡಿಯುವ ಪಿಶಾಚಿ ಎಂದು ಮಕ್ಕಳೂ ಹೇಳುತ್ತಾರೆ. ಅವನ ಆಳು ರೆನ್‌ಫೀಲ್ಡ್ ಯಾರೆಂದರೆ ಸುಮ್ಮನಾಗುತ್ತಾರೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಹೊಸ ಓದುಗರಿಗೆ ನಾನು ಮೊದಲು ಪರಿಚಯಿಸುವುದು ಈ ಆಳನ್ನೇ. ಅವನನ್ನು ಅರಿಯಲು ಬೇಕಾದ ಮಾತು ನಿಮ್ಮ ನಾಲಿಗೆಯ ಮೇಲೇ ಇದೆ: ಮಳ್ಳ.

‘ಮಳ್ಳ ಆಗೀಯೇನ?’ ಎಂದು ದಿನಾ ಕೇಳುತ್ತೇವಲ್ಲ, ಆ ಮಳ್ಳ ಹಳೆಯ ‘ಮರುಳ’ನೇ. ಮರುಳು ಎಂದರೆ ಹುಚ್ಚು, ಮರುಳು ಎಂದರೆ ಮೋಹ, ಮರುಳು ಎಂದರೆ ಪಿಶಾಚಿಯೂ ಹೌದು. ಮುಧೋಳದಲ್ಲಿ 949ರಲ್ಲಿ ಹುಟ್ಟಿದ ರನ್ನ ತನ್ನ ‘ಗದಾಯುದ್ಧ’ದಲ್ಲಿ ಈ ಅರ್ಥಗಳನ್ನು ಒಂದಕ್ಕೊಂದು ತಾಕಿಸಿದ್ದಾನೆ. ಸಂಜಯನೊಡನೆ ಹೆಣಗಳ ನಡುವೆ ನಡೆಯುವ ದುರ್ಯೋಧನನಿಗೆ ರಣರಂಗದ ಮರುಳೊಂದು ಎದುರಾಗಿ ಹಂಗಿಸುತ್ತದೆ. ನಿಜವಾದ ಮರುಳು ಯಾರು, ಹೆಣ ತಿನ್ನುವ ಅದೋ, ಹಟ ಬಿಡದ ಅರಸನೋ ಎಂಬ ಪ್ರಶ್ನೆ ಅಲ್ಲಿ ಏಳುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಇಂಗ್ಲೆಂಡಿಗೆ ಹೋಗೋಣ.

ಐರಿಷ್ ಲೇಖಕ ಬ್ರಾಮ್ ಸ್ಟೋಕರ್‌ನ ‘ಡ್ರಾಕುಲಾ’ ಬಂದದ್ದು 1897ರಲ್ಲಿ. ದಿನಚರಿ, ಪತ್ರ, ತಂತಿಗಳನ್ನು ಜೋಡಿಸಿ ಹೇಳಿದ ಕಥೆ ಅದು. 59 ವರ್ಷದ ರೆನ್‌ಫೀಲ್ಡ್ ಹುಚ್ಚಾಸ್ಪತ್ರೆಯ ರೋಗಿ. ಅವನ ಸುದ್ದಿ ಹೆಚ್ಚಾಗಿ ಸಿಗುವುದು ಅಲ್ಲಿನ ಡಾಕ್ಟರ್ ಸೀವರ್ಡ್‌ನ ದಿನಚರಿಯಲ್ಲಿ. ಅವನು ಕಿಟಕಿಯ ಬಳಿ ಸಕ್ಕರೆ ಹರಡಿ ನೊಣ ಹಿಡಿಯುತ್ತಾನೆ. ಬೆಲ್ಲವಿದ್ದಲ್ಲಿ ನೊಣ ಎಂಬುದನ್ನು ಕಬ್ಬಿನ ಸೀಮೆಯವರಿಗೆ ಹೇಳಿಕೊಡಬೇಕಿಲ್ಲ. ನೊಣವನ್ನು ಜೇಡಕ್ಕೆ, ಜೇಡವನ್ನು ಗುಬ್ಬಿಗೆ ತಿನ್ನಿಸುತ್ತಾನೆ. ಆಮೇಲೆ ಬೆಕ್ಕಿನ ಮರಿ ಬೇಕೆಂದು ಅಂಗಲಾಚುತ್ತಾನೆ. ಕೊಡಲಿಲ್ಲವೆಂದು ಗುಬ್ಬಿಗಳನ್ನು ತಾನೇ ಹಸಿಹಸಿಯಾಗಿ ತಿಂದುಬಿಡುತ್ತಾನೆ. ಅವನ ಹತ್ತಿರ ಒಂದು ಸಣ್ಣ ಪುಸ್ತಕವಿದೆ. ಪುಟಗಟ್ಟಲೆ ಅಂಕಿ, ಕೂಡಿದ್ದು, ಕೂಡಿ ಬಂದದ್ದನ್ನು ಮತ್ತೆ ಕೂಡಿದ್ದು. ಕಿರಾಣಿ ಅಂಗಡಿಯವರು ಲೆಕ್ಕ ಬರೆದಷ್ಟೇ ಶಿಸ್ತಿನಿಂದ ಅವನು ನುಂಗಿದ ಜೀವಗಳ ಲೆಕ್ಕ ಇಟ್ಟಿದ್ದಾನೆ. ನನ್ನನ್ನು ಬೆಚ್ಚಿಬೀಳಿಸುವುದು ಡ್ರಾಕುಲಾನ ಹಲ್ಲಲ್ಲ, ಈ ಪುಸ್ತಕ.

ಇವನು ಹೆದರಿ ಆಳಾದವನಲ್ಲ, ಆಸೆಯಿಂದ ಆದವನು. ಡ್ರಾಕುಲಾ ಕಿಟಕಿಯ ಹೊರಗೆ ನಿಂತು ಕೆಂಪು ಕಣ್ಣಿನ ಸಾವಿರಾರು ಇಲಿಗಳನ್ನು ತೋರಿಸುತ್ತಾನೆ, ಅವೆಲ್ಲ ನಿನ್ನವೇ ಎನ್ನುತ್ತಾನೆ. ಮನೆಯೊಳಗಿನವರು ಒಮ್ಮೆ ಕರೆಯದೆ ಅವನು ಮೊದಲ ಸಲ ಹೊಸ್ತಿಲು ದಾಟಲಾರ. ಅಂದಮೇಲೆ ಆಳಿನ ಕೆಲಸ ಏನು? ‘ಬಾ’ ಎನ್ನುವುದು, ಅಷ್ಟೇ. ರೆನ್‌ಫೀಲ್ಡ್ ಕಿಟಕಿ ತೆರೆದು ಕರೆಯುತ್ತಾನೆ. ನಮ್ಮ ನಾಡಿನಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ಹೊರಗೇ ನಿಲ್ಲಿಸಿದವರು ಈ ಜಾಗ ಓದುವಾಗ ಖಂಡಿತ ನೆನಪಾಗುತ್ತಾರೆ.

1931ರ ಚಲನಚಿತ್ರದಲ್ಲಿ ಡ್ವೈಟ್ ಫ್ರೈ ಈ ಪಾತ್ರ ಮಾಡಿದ. ಅವನ ನಗು ಬಲು ಹೆಸರಾಯಿತು. ಆದರೆ ಬರೀ ಆ ನಗುವನ್ನು ನೋಡಿದವರಿಗೆ ಕಾದಂಬರಿಯಲ್ಲಿನ ರೆನ್‌ಫೀಲ್ಡ್‌ನ ಕೊನೆ ಸಿಗುವುದಿಲ್ಲ. ಅದಕ್ಕೇ ಪುಸ್ತಕ ಓದಿ ಎನ್ನುತ್ತೇನೆ. 27 ಅಧ್ಯಾಯ ಕಂಡು ಅಂಜಿದರೆ ಮೊದಲು ಸೀವರ್ಡ್‌ನ ದಿನಚರಿಯಲ್ಲಿ ರೆನ್‌ಫೀಲ್ಡ್ ಬರುವ ಪುಟಗಳನ್ನಷ್ಟೇ ಓದಿಕೊಳ್ಳಿ.

ಮೀನಾ ಎಂಬ ಹೆಣ್ಣುಮಗಳು ಒಮ್ಮೆ ಅವನನ್ನು ಕಾಣಲು ಬರುತ್ತಾಳೆ, ಮನುಷ್ಯನೆಂದು ಮಾತಾಡಿಸುತ್ತಾಳೆ. ಅವನೂ ಅಷ್ಟೇ ಮರ್ಯಾದೆಯಿಂದ, ಓದಿದವನ ಹಾಗೆ ಉತ್ತರಿಸುತ್ತಾನೆ. ಮತ್ತೊಮ್ಮೆ ಬಂದಾಗ ಅವಳ ಮುಖ ಬಿಳಿಚಿದೆ. ತಾನು ಒಳಗೆ ಕರೆದವನು ಯಾರ ರಕ್ತ ಕುಡಿಯುತ್ತಿದ್ದಾನೆಂದು ಅವನಿಗೆ ತಿಳಿದುಹೋಗುತ್ತದೆ. ಆ ರಾತ್ರಿ ಒಡೆಯ ಬಂದಾಗ ಮರುಳ ಅವನ ಮೇಲೇ ಬಿದ್ದು ಹಿಡಿಯುತ್ತಾನೆ. ಒಡೆಯ ಅವನನ್ನು ಎತ್ತಿ ನೆಲಕ್ಕೆ ಅಪ್ಪಳಿಸುತ್ತಾನೆ. ಪ್ರಾಣ ಹೋಗುವ ಮೊದಲು ರೆನ್‌ಫೀಲ್ಡ್ ನಡೆದದ್ದನ್ನೆಲ್ಲ ಡಾಕ್ಟರರಿಗೆ ಹೇಳುತ್ತಾನೆ. ಕೇಳಿದವರು ಮೀನಾಳನ್ನು ಉಳಿಸಲು ಅವಳ ಕೋಣೆಗೆ ಓಡುತ್ತಾರೆ. ಅವನನ್ನು ನೋಡಲು ಒಬ್ಬರು ತಿರುಗಿ ಬರುವಷ್ಟರಲ್ಲಿ ಜೀವ ಹೋಗಿರುತ್ತದೆ.