ಲೆಕ್ಕದ ಹಾಳೆಗಳಲ್ಲಿ ಹೆಸರಿಡುವ ಕ್ರಮ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಮನೆಯ ಖರ್ಚನ್ನೂ ಸಂಘದ ವಂತಿಗೆಯನ್ನೂ ಕಚೇರಿಯ ಲೆಕ್ಕವನ್ನೂ ಈಗ ಕಂಪ್ಯೂಟರಿನ ಎಕ್ಸೆಲ್ ಹಾಳೆಗಳಲ್ಲಿ ಬರೆದಿಡುತ್ತಾರೆಂಬುದು ವಾಚಕರಿಗೆ ತಿಳಿದ ಸಂಗತಿಯೇ. ಕೂಡಿಸುವುದೂ ಗುಣಿಸುವುದೂ ಅವರಿಗೆ ಚೆನ್ನಾಗಿ ಬರುತ್ತದೆ. ಆದರೆ ಸೆಲ್ಲುಗಳಿಗೆ ಹೆಸರನ್ನಿಟ್ಟು, ಆ ಹೆಸರಿನಿಂದಲೇ ಹಲವು ಹಾಳೆಗಳಲ್ಲಿ ಲೆಕ್ಕ ನಡೆಸುವ ಕ್ರಮವನ್ನು ಬಲ್ಲವರು ವಿರಳ. ಈ ಕ್ರಮವನ್ನು ಅರಿಯದೆ ನಾವು ಒಂದು ವರ್ಷ ಪಟ್ಟ ಪಾಡನ್ನು ಮೊದಲು ಹೇಳಿ, ಅನಂತರ ಪಾಠಕ್ಕೆ ಬರುವೆವು.

ಕೈಲಾಗದ ಮನೆಗಳ ಹುಡುಗಿಯರಿಗೆ ಪುಸ್ತಕದ ಕಟ್ಟುಗಳನ್ನು ಕೊಡಿಸುವ ಲೆಕ್ಕವು ನಮ್ಮ ಪಾಲಿಗೆ ಬಂದಿತ್ತು. ಎಂಟು, ಒಂಬತ್ತು, ಹತ್ತು ಎಂದು ತರಗತಿಗೊಂದು ಹಾಳೆ. ಎಂಟರಲ್ಲಿ 14 ಮಂದಿ, ಒಂಬತ್ತರಲ್ಲಿ 11, ಹತ್ತರಲ್ಲಿ 13, ಒಟ್ಟು 38. ಕಟ್ಟಿನ ಬೆಲೆ 640 ರೂಪಾಯಿ ಎಂದು ಮೂರು ಹಾಳೆಗಳಲ್ಲಿಯೂ ಅಂಕಿಯನ್ನೇ ಬರೆದಿದ್ದೆವು. ಆ ಬಳಿಕ ಬೆಲೆಯು 680ಕ್ಕೆ ಏರಲು, ಎರಡು ಹಾಳೆಗಳನ್ನು ತಿದ್ದಿ ಒಂಬತ್ತನೆಯದನ್ನು ಮರೆತೆವು. ಬ್ಯಾಂಕಿನಿಂದ ತೆಗೆಯಬೇಕಾದದ್ದು 25,840 ರೂಪಾಯಿ, ತೆಗೆದದ್ದು 25,400. ಅದರಲ್ಲಿ 37 ಕಟ್ಟುಗಳು ಬಂದು 240 ರೂಪಾಯಿ ಕೈಯಲ್ಲಿ ಉಳಿಯಿತು. ಹಂಚುವ ದಿನ ಸಾಲಿನ ಕೊನೆಯಲ್ಲಿದ್ದ ಹುಡುಗಿಯು ಬರಿಗೈಯಲ್ಲಿ ನಿಂತಳು. ಮರುದಿನವೇ ಅವಳಿಗೆ ಪುಸ್ತಕ ಸಿಕ್ಕಿತಾದರೂ, ಎಲ್ಲರ ಮುಂದೆ ನಿಂತ ಆ ಗಳಿಗೆಯನ್ನು ನಾವು ಹಿಂದಕ್ಕೆ ತರಲಾರದೆ ಹೋದೆವು.

ಆಮೇಲೆ ಬುದ್ಧಿ ಬಂದು, ಬೆಲೆಗಳಿಗೆಂದೇ 'ದರ' ಎಂಬ ಬೇರೊಂದು ಹಾಳೆಯನ್ನು ಮಾಡಿ, ಅದರ ಬಿ3 ಸೆಲ್ಲಿನಲ್ಲಿ ಕಟ್ಟಿನ ಬೆಲೆಯನ್ನು ಬರೆದೆವು. ಮೊದಲ ಹುಡುಗಿಯ ಸಾಲಿನಲ್ಲಿ =ದರ!ಬಿ3 ಎಂದು ಬರೆದು ಕೆಳಕ್ಕೆ ನಕಲು ಮಾಡಲು, ಎರಡನೆಯವಳಿಗೆ ಬಿ4ರಲ್ಲಿದ್ದ ಜಾಮಿಟ್ರಿ ಪೆಟ್ಟಿಗೆಯ ಬೆಲೆಯೂ ಮೂರನೆಯವಳಿಗೆ ಖಾಲಿ ಸೆಲ್ಲಿನ ಸೊನ್ನೆಯೂ ಬಂದವು. ಯಾಕಂದರೆ ಸೂತ್ರವು ಒಂದು ಸಾಲು ಇಳಿದಂತೆ ಅದರೊಳಗಿನ ವಿಳಾಸವೂ ಇಳಿಯುತ್ತದೆ. ಡಾಲರ್ ಗುರುತು ಹಾಕಿ ದರ!$ಬಿ$3 ಎಂದು ಬರೆದರೆ ವಿಳಾಸವು ಕದಲುವುದಿಲ್ಲ, ನಿಜ. ಆದರೆ ಆರು ತಿಂಗಳಾದ ಮೇಲೆ ಅದನ್ನು ಓದುವವರಿಗೆ ಬಿ3 ಎಂದರೇನೆಂದು ಯಾರು ಹೇಳಬೇಕು? ಹಾಜರಿ ಪಟ್ಟಿಯ ಹದಿನೇಳನೆಯ ನಂಬರು ಜೂನ್ ತಿಂಗಳು ಬಂದೊಡನೆ ಬೇರೊಬ್ಬಳದಾಗುತ್ತದೆ. ಹುಡುಗಿಯ ಹೆಸರಾದರೋ ಅವಳೊಂದಿಗೇ ಇರುತ್ತದೆ. ಸೆಲ್ಲಿಗೆ ಹೆಸರಿಡುವುದರ ಪ್ರಯೋಜನವು ಇದೇ.

ಹೆಸರಿಡುವ ಬಗೆ ಸುಲಭ. ಬೆಲೆಯಿರುವ ಸೆಲ್ಲನ್ನು ಆರಿಸಿ, ಸೂತ್ರ ಬರೆಯುವ ಪಟ್ಟಿಯ ಎಡಬದಿಯಲ್ಲಿರುವ ನೇಮ್ ಬಾಕ್ಸಿನಲ್ಲಿ ಪುಸ್ತಕ_ದರ ಎಂದು ಬರೆದು ಎಂಟರ್ ಕೀಲಿಯನ್ನು ಒತ್ತತಕ್ಕದ್ದು. (ಎಂಟರ್ ಒತ್ತದೆ ಬೇರೆ ಕಡೆ ಕ್ಲಿಕ್ ಮಾಡಿದರೆ ಹೆಸರು ನಿಲ್ಲುವುದಿಲ್ಲ, ಇದರಿಂದ ನಾವು ಎಷ್ಟೋ ಸಲ ಮೋಸ ಹೋದೆವು.) ಇನ್ನು ಯಾವ ಹಾಳೆಯಲ್ಲಿಯಾದರೂ =ಪುಸ್ತಕ_ದರ ಎಂದರೆ ಸಾಕು; ಹಾಳೆಯ ಹೆಸರೂ ಬೇಡ, ಡಾಲರೂ ಬೇಡ. ಬೆಲೆ ಬದಲಾದರೆ ತಿದ್ದಬೇಕಾದದ್ದು ಒಂದೇ ಸೆಲ್ಲು. ಇಲ್ಲಿ ಕನ್ನಡದಲ್ಲಿ ಅಚ್ಚಾದ ಹೆಸರುಗಳನ್ನೂ ವಿಳಾಸಗಳನ್ನೂ ವಾಚಕರು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಳ್ಳಬೇಕು.

ಹೆಸರಿನ ನಡುವೆ ತೆರವು ಇರಬಾರದು; ಅದರ ಬದಲಿಗೆ ಅಡಿಗೆರೆ ಎಳೆಯಬಹುದು. ಅಂಕಿಯಿಂದ ಆರಂಭಿಸಬಾರದು. ದೊಡ್ಡಕ್ಷರ ಸಣ್ಣಕ್ಷರಗಳ ಭೇದವಿಲ್ಲ. ಸೆಲ್ಲಿನ ವಿಳಾಸದಂತೆ ಕಾಣುವ ಹೆಸರೂ ಸಲ್ಲದು. ನಮ್ಮಲ್ಲೊಬ್ಬರು ಫೀಸಿನ ಸೆಲ್ಲಿಗೆ ಇಂಗ್ಲಿಷಿನ ಎಫ್, ಇ, ಇ ಅಕ್ಷರಗಳ ಮುಂದೆ 2024 ಎಂದು ಬರೆಯಲು, ಹೆಸರು ಹತ್ತದೆ, ಎಲ್ಲಿಯೋ ದೂರದ ಖಾಲಿ ಸೆಲ್ಲೊಂದು ಕಣ್ಣೆದುರಿಗೆ ಬಂತು. 2007ರ ಎಕ್ಸೆಲ್ಲಿನಿಂದೀಚೆಗೆ ಹಾಳೆಯೊಂದರಲ್ಲಿ 16,384 ಕಾಲಮ್ಮುಗಳೂ 10,48,576 ಸಾಲುಗಳೂ ಉಂಟು. ಕೊನೆಯ ಕಾಲಮ್ಮು ಎಕ್ಸ್‌ಎಫ್‌ಡಿ. ಆದಕಾರಣ ಎಫ್‌ಇಇ ಎಂಬುದೂ ಒಂದು ಕಾಲಮ್ಮೇ ಆಯಿತು. ನಡುವೆ ಅಡಿಗೆರೆ ಸೇರಿಸಲು ತೊಡಕು ತೀರಿತು.

ಒಂದು ಸೆಲ್ಲಿಗೆ ಮಾತ್ರವಲ್ಲ, ಸೆಲ್ಲುಗಳ ಒಂದು ಗುಂಪಿಗೂ ಹೆಸರಿಡಬಹುದು. ಎಂಟನೆಯ ಹಾಳೆಯ ಸಿ2ರಿಂದ ಸಿ15ರ ವರೆಗಿನ 14 ಮೊತ್ತಗಳಿಗೆ ಎಂಟರ_ಸಹಾಯ ಎಂದು ಹೆಸರಿಟ್ಟು, 'ಒಟ್ಟು' ಹಾಳೆಯಲ್ಲಿ =ಸಮ್(ಎಂಟರ_ಸಹಾಯ) ಎಂದು ಬರೆದೆವು. ಇಲ್ಲಿಯೂ ಒಂದು ಗುಂಡಿ ಕಾದಿತ್ತು. ಜುಲೈ ತಿಂಗಳಲ್ಲಿ ಹದಿನೈದನೆಯ ಹುಡುಗಿಯೊಬ್ಬಳು ಸೇರಲು, ಅವಳನ್ನು ಹದಿನಾರನೆಯ ಸಾಲಿನಲ್ಲಿ ಬರೆದೆವು; ಒಟ್ಟು ಮೊತ್ತ ಮಾತ್ರ ಕದಲಲಿಲ್ಲ. ಗುಂಪಿನ ನಡುವೆ ಸಾಲು ಸೇರಿಸಿದರೆ ಗುಂಪು ಹಿಗ್ಗುತ್ತದೆ, ಅದರ ಕೆಳಗೆ ಬರೆದದ್ದು ಹೊರಗೇ ಉಳಿಯುತ್ತದೆ. ಆದುದರಿಂದ ಈಗ ಗುಂಪಿನ ಕೊನೆಗೆ ಒಂದು ಖಾಲಿ ಸಾಲನ್ನು ಸೇರಿಸಿಯೇ ಹೆಸರಿಟ್ಟು, ಹೊಸಬರನ್ನು ಅದರ ಮೇಲೆ ಸಾಲು ಸೇರಿಸಿ ಬರೆಯುತ್ತೇವೆ. ಕಂಟ್ರೋಲ್ ಮತ್ತು ಟಿ ಒತ್ತಿ ಪಟ್ಟಿಯನ್ನು ಟೇಬಲ್ಲಾಗಿ ಮಾಡಿಕೊಂಡರೆ ಅದು ತಾನಾಗಿಯೇ ಬೆಳೆಯುವುದು. ಬಲ್ಲವರಿಗೆ ಅದೇ ಲೇಸು.

ಸಾಲುಗಳು ಹೊರಗುಳಿಯುವುದು ನಮ್ಮಂಥವರಿಗೆ ಮಾತ್ರ ಆಗುವ ತಪ್ಪಲ್ಲ. ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು 2010ರಲ್ಲಿ ದೇಶಗಳ ಸಾಲದ ವಿಷಯವಾಗಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಅನೇಕ ಸರಕಾರಗಳ ಚರ್ಚೆಗಳಲ್ಲಿ ಅದರ ಮಾತು ಬಂತು. 2013ರಲ್ಲಿ ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿಯು ತರಗತಿಯ ಅಭ್ಯಾಸಕ್ಕಾಗಿ ಅವರ ಎಕ್ಸೆಲ್ ಹಾಳೆಯನ್ನೇ ತರಿಸಿಕೊಂಡು ನೋಡಲು, ಎಲ್30ರಿಂದ ಎಲ್49ರ ವರೆಗೆ ಇರಬೇಕಾದ ಸರಾಸರಿಯು ಎಲ್44ಕ್ಕೇ ನಿಂತಿತ್ತು. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಮ್, ಕೆನಡಾ, ಡೆನ್ಮಾರ್ಕ್ ಎಂಬ ಐದು ದೇಶಗಳು ಲೆಕ್ಕದಿಂದ ಬಿಟ್ಟುಹೋಗಿದ್ದವು. ಗ್ರಂಥಕರ್ತರು ಈ ತಪ್ಪನ್ನು ಒಪ್ಪಿಕೊಂಡರು. ಪ್ರಬಂಧದ ಮೇಲೆ ಬಂದ ಇತರ ಆಕ್ಷೇಪಗಳು ಇದಕ್ಕಿಂತ ದೊಡ್ಡವಾದುದರಿಂದ ಎಲ್ಲ ಹೊಣೆಯನ್ನು ಈ ಒಂದು ಸೂತ್ರದ ಮೇಲೆ ಹೊರಿಸುವುದು ನ್ಯಾಯವಲ್ಲ. ಹೆಸರಿಟ್ಟಿದ್ದರೆ ತಪ್ಪು ಆಗುತ್ತಲೇ ಇರಲಿಲ್ಲವೆಂದೂ ನಾವು ಹೇಳೆವು. ಆದರೆ ಎಲ್44 ಎಂಬುದನ್ನು ಓದಿದವರಿಗೆ ಸಂಶಯ ಹುಟ್ಟುವುದು ಕಷ್ಟ. ಇಪ್ಪತ್ತು_ದೇಶಗಳು ಎಂಬ ಹೆಸರನ್ನು ನೇಮ್ ಬಾಕ್ಸಿನಲ್ಲಿ ಆರಿಸಿದ್ದರೆ ಆ ಗುಂಪು ಗೆರೆಯೊಳಗೆ ಎದ್ದು ಕಾಣುತ್ತಿತ್ತು, ಕೆಳಗಿನ ಐದು ಸಾಲುಗಳು ಹೊರಗೆ ಉಳಿದದ್ದೂ ಕಾಣುತ್ತಿತ್ತು.

ಹೆಸರಿನ ಅಧಿಕಾರ ಎಲ್ಲಿಯ ವರೆಗೆ ನಡೆಯುವುದೆಂಬುದನ್ನೂ ತಿಳಿದಿರಬೇಕು. ನೇಮ್ ಬಾಕ್ಸಿನಲ್ಲಿ ಬರೆದ ಹೆಸರು ಇಡೀ ವರ್ಕ್‌ಬುಕ್ಕಿಗೆ ಸಲ್ಲುತ್ತದೆ. ಫಾರ್ಮ್ಯುಲಾಸ್ ಪಟ್ಟಿಯ ನೇಮ್ ಮ್ಯಾನೇಜರಿನಲ್ಲಿ ಹೊಸ ಹೆಸರನ್ನು ಕೊಡುವಾಗ ಸ್ಕೋಪ್ ಎಂಬಲ್ಲಿ ಒಂದೇ ಹಾಳೆಯನ್ನು ಸೂಚಿಸಿದರೆ, ಅದು ಆ ಹಾಳೆಗೆ ಮಾತ್ರ ಸೇರಿದ್ದು. ಹೀಗೆ ಮೂರು ತರಗತಿಗಳಲ್ಲಿಯೂ ಮೊತ್ತ ಎಂಬ ಒಂದೇ ಹೆಸರು ಇರಬಹುದು; ಹೊರಗಿನಿಂದ ಕರೆಯುವಾಗ =ಎಂಟು!ಮೊತ್ತ+ಒಂಬತ್ತು!ಮೊತ್ತ+ಹತ್ತು!ಮೊತ್ತ ಎಂದು ಬರೆದರಾಯಿತು. ಒಮ್ಮೆ ಗೊತ್ತುಮಾಡಿದ ಸ್ಕೋಪನ್ನು ಆಮೇಲೆ ಬದಲಿಸಲಾಗದು. ಹೆಸರನ್ನು ಅಳಿಸಿ ಹೊಸದಾಗಿಯೇ ಇಡಬೇಕು.

ಹೊಸ ವರ್ಷಕ್ಕೆ ಹಳೆಯ ಹಾಳೆಯನ್ನೇ ನಕಲು ಮಾಡುವವರು ಇಲ್ಲಿ ಬಹಳ ಎಚ್ಚರವಾಗಿರಬೇಕು. ಎಂಟನೆಯ ಹಾಳೆಯನ್ನು ನಕಲು ಮಾಡಲು, ಎಂಟರ_ಸಹಾಯ ಎಂಬ ಹೆಸರಿನ ಇನ್ನೊಂದು ಪ್ರತಿಯು ಆ ನಕಲಿಗೆ ಮಾತ್ರ ಸೇರಿದ್ದಾಗಿ ಸದ್ದಿಲ್ಲದೆ ಹುಟ್ಟುತ್ತದೆ. ಹೊಸ ಹಾಳೆಯಲ್ಲಿ ಹೊಸ ಹುಡುಗಿಯರ ಮೊತ್ತಗಳನ್ನು ಬರೆದರೂ, 'ಒಟ್ಟು' ಹಾಳೆಯು ಹಳೆಯ ಹಾಳೆಯ ಹೆಸರನ್ನೇ ಓದುತ್ತ ಹೋದ ವರ್ಷದ ಮೊತ್ತವನ್ನೇ ತೋರಿಸುತ್ತಿರುವುದು.

ಗೂಗಲ್ ಶೀಟ್ಸಿನಲ್ಲಿ ಡೇಟಾ ಪಟ್ಟಿಯ ಕೆಳಗೂ, ಹಣ ಕೊಡದೆ ದೊರೆಯುವ ಲಿಬ್ರೆ ಆಫೀಸಿನ ಕ್ಯಾಲ್ಕಿನಲ್ಲಿ ಶೀಟ್ ಪಟ್ಟಿಯ ಕೆಳಗೂ ಹೆಸರಿಡುವ ಅನುಕೂಲವುಂಟು. ಇದು ಹೊಸ ಉಪಾಯವೂ ಅಲ್ಲ. 1983ರಲ್ಲಿ ಬಂದ ಲೋಟಸ್ 1-2-3ರಲ್ಲಿಯೇ ಇತ್ತು.

ಈಗ ಪ್ರತಿ ಜೂನ್ ತಿಂಗಳಲ್ಲಿ, ಬ್ಯಾಂಕಿಗೆ ಚೆಕ್ಕು ಬರೆಯುವ ಮೊದಲು, ನಮ್ಮಲ್ಲಿ ಇಬ್ಬರು ಕೂತು ಎಕ್ಸೆಲ್ಲಿನಲ್ಲಿ ಕಂಟ್ರೋಲ್ ಮತ್ತು ಎಫ್3 ಒತ್ತಿ ಹೆಸರುಗಳನ್ನು ಒಂದೊಂದಾಗಿ ಓದುತ್ತೇವೆ. ಒಬ್ಬರು ಹೆಸರನ್ನು ಹೇಳುವರು, ಇನ್ನೊಬ್ಬರು ಅದು ತೋರಿಸುವ ಸೆಲ್ಲುಗಳನ್ನು ತರಗತಿಯ ಪಟ್ಟಿಯೊಂದಿಗೆ ತಾಳೆ ನೋಡುವರು. ಬಳಿಕ ಖಾಲಿ ಹಾಳೆಯೊಂದರಲ್ಲಿ ಎಫ್3 ಒತ್ತಿ, ಪೇಸ್ಟ್ ಲಿಸ್ಟ್ ಎಂಬುದನ್ನು ಆರಿಸಲು, ಎಲ್ಲ ಹೆಸರುಗಳೂ ಅವುಗಳ ವಿಳಾಸಗಳೂ ಪಟ್ಟಿಯಾಗಿ ಬರುತ್ತವೆ. ಅದನ್ನು ಅಚ್ಚುಮಾಡಿ ಲೆಕ್ಕದ ಕಡತದ ಮೊದಲ ಪುಟದಲ್ಲಿ ಅಂಟಿಸಿ, ಮುಂದೆ ಲೆಕ್ಕ ನೋಡಿಕೊಳ್ಳುವವರಿಗೆಂದು ಇಟ್ಟಿದ್ದೇವೆ.