ಮನೆ ಬೇಡ ಅನ್ನುವ ಮೊದಲು ಎರಡು ಅಂಕಿ ನೋಡಿ

ಪ್ರಶ್ನೆ: ಹ್ಯೂಸ್ಟನ್‌ನಲ್ಲಿ ಮನೆ ಮಾತಾಗಿದೆ. ಕ್ಲೋಸಿಂಗ್‌ಗೆ (ಮನೆ ನಮ್ಮ ಹೆಸರಿಗಾಗುವ ದಿನಕ್ಕೆ) ಎರಡೇ ವಾರ. ಈಗ ಬ್ಯಾಂಕಿನವರು ಮನೆ ‘ಎಇ’ ವಲಯದಲ್ಲಿದೆ, ಫ್ಲಡ್ ಇನ್ಶೂರೆನ್ಸ್ ಮಾಡಿಸದೆ ಸಾಲ ಕೊಡುವುದಿಲ್ಲ ಅನ್ನುತ್ತಿದ್ದಾರೆ. ಮಾರುವವರು ‘ಇಪ್ಪತ್ತು ವರ್ಷದಲ್ಲಿ ಹನಿ ನೀರು ಒಳಗೆ ಬಂದಿಲ್ಲ’ ಅನ್ನುತ್ತಾರೆ. ನಮ್ಮ ಯಜಮಾನರಿಗೆ ಅದೇ ಮನೆ ಬೇಕು. ನನಗೆ ನಿದ್ದೆ ಹತ್ತುತ್ತಿಲ್ಲ. ಗೃಹ ವಿಮೆ ಹೇಗೂ ಇದೆಯಲ್ಲ, ಇದು ಯಾಕೆ?

ಉತ್ತರ: ತಂಗೀ, ಗೃಹ ವಿಮೆ ಬೆಂಕಿ ಬಿದ್ದರೆ ಕೊಡುತ್ತದೆ, ನೆರೆ ನುಗ್ಗಿದರೆ ಕೊಡುವುದಿಲ್ಲ. ವಿಪತ್ತು ನಿರ್ವಹಣೆಯ ಸರ್ಕಾರಿ ಸಂಸ್ಥೆ ಫೆಮಾ ತನ್ನ ನೆರೆ ನಕ್ಷೆಯಲ್ಲಿ ಗುರುತಿಸಿದ, ‘ಎಇ’ಯಂಥ ಹೆಚ್ಚು ಅಪಾಯದ ವಲಯದಲ್ಲಿ ಸಾಲ ಕೊಡುವ ಬ್ಯಾಂಕು ನೆರೆ ವಿಮೆ ಕೇಳಲೇಬೇಕೆಂದು 1973ರಿಂದ ಅಮೆರಿಕದ ಕಾನೂನಿದೆ. ಬ್ಯಾಂಕಿನವರ ಜತೆ ಜಗಳವಾಡಿ ಫಲವಿಲ್ಲ.

ಇಂಥ ವಲಯದ ಬಗ್ಗೆ ಹೇಳುವ ‘ನೂರು ವರ್ಷಕ್ಕೊಮ್ಮೆ ಬರುವ ನೆರೆ’ ಅನ್ನುವ ಮಾತು ಬಹಳ ಜನರನ್ನು ದಾರಿ ತಪ್ಪಿಸಿದೆ. ಅದರ ಅರ್ಥ ಪ್ರತಿ ವರ್ಷವೂ ಶೇ 1ರಷ್ಟು ಸಂಭವ ಎಂದು. ಮೂವತ್ತು ವರ್ಷದ ಸಾಲ ತೀರುವಷ್ಟರಲ್ಲಿ ಅದು ಶೇ 26ಕ್ಕೆ ಏರುತ್ತದೆ. 2017ರ ಹಾರ್ವೆ ಮಳೆಯಲ್ಲಂತೂ ಆ ವಲಯದ ಹೊರಗಿದ್ದ ಎಷ್ಟೋ ಮನೆಗಳಿಗೂ ನೀರು ನುಗ್ಗಿತು.

ಮಾರುವವರ ಬಾಯಿಮಾತು ಸಾಲದು. ಹಿಂದೆ ನೀರು ನುಗ್ಗಿತ್ತೇ ಎಂಬುದನ್ನು ಟೆಕ್ಸಸ್‌ನಲ್ಲಿ ಅವರು ಬರೆದುಕೊಡಬೇಕು; ಆ ಪತ್ರ ಓದಿ. ಜತೆಗೆ ‘ಎಲಿವೇಶನ್ ಸರ್ಟಿಫಿಕೇಟ್’ ಇದೆಯೇ ಕೇಳಿ, ಇಲ್ಲದಿದ್ದರೆ ಸರ್ವೇಯರ್‌ನಿಂದ ಮಾಡಿಸಿ. ಅದರಲ್ಲಿ ಎರಡು ಅಂಕಿ ಹುಡುಕಿ: ನೆರೆ ನೀರು ಏರಬಹುದೆಂದು ಲೆಕ್ಕ ಹಾಕಿದ ಮಟ್ಟ, ಮನೆಯ ನೆಲದ ಮಟ್ಟ. ನೆಲ ಆ ನೆರೆಮಟ್ಟಕ್ಕಿಂತ ಎರಡಡಿ ಮೇಲಿದ್ದರೆ ಒಂದು ಮಾತು, ಎರಡಡಿ ಕೆಳಗಿದ್ದರೆ ಬೇರೆಯೇ ಮಾತು. ಗೋಡೆಗೆ ತಾಗಿದ ಮಣ್ಣೇ ಎಲ್ಲ ಕಡೆಯೂ ನೆರೆಮಟ್ಟಕ್ಕಿಂತ ಮೇಲಿದ್ದರೆ, ನಕ್ಷೆ ತಿದ್ದಿಕೊಡಿ ಎಂದು ಫೆಮಾಗೆ ಅರ್ಜಿಯನ್ನೂ ಹಾಕಬಹುದು. ಆದರೆ ಅದು ಎರಡು ವಾರದಲ್ಲಿ ಆಗುವ ಕೆಲಸವೆಂದು ನೆಚ್ಚಬೇಡಿ.

ಸರ್ಕಾರಿ ನೆರೆ ವಿಮೆ ಸಾಮಾನ್ಯವಾಗಿ 30 ದಿನ ಕಳೆದ ಮೇಲೆ ಜಾರಿಗೆ ಬರುತ್ತದೆ. ಸಾಲಕ್ಕೆಂದು ಕ್ಲೋಸಿಂಗ್‌ಗೆ ಮೊದಲೇ ಮಾಡಿಸಿದರೆ ಆ ಕಾಯುವಿಕೆ ಇಲ್ಲ. ಮಾರುವವರದೇ ಪಾಲಿಸಿ ಇದ್ದರೆ ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಬಹುದು, ಕಂತು ಎಷ್ಟೋ ಸಲ ಕಡಿಮೆ ಬೀಳುತ್ತದೆ. ಕಟ್ಟಡಕ್ಕೆ ಸಿಗುವುದು ಹೆಚ್ಚೆಂದರೆ 2,50,000 ಡಾಲರ್. ಒಳಗಿನ ಸಾಮಾನಿಗೆ ಬೇರೆಯೇ ವಿಮೆ, 1,00,000ದವರೆಗೆ. ಬ್ಯಾಂಕು ಸಾಮಾನಿನ ವಿಮೆ ಕೇಳುವುದು ಅಪರೂಪ. ನೀವಾಗಿಯೇ ಮಾಡಿಸಿ, ನೆನೆದ ಹಾಸಿಗೆ, ಕೆಟ್ಟ ಫ್ರಿಜ್ಜು ನಿಮ್ಮವು, ಬ್ಯಾಂಕಿನವಲ್ಲ.

ನಾಳೆಯೇ ವಿಮೆ ಏಜೆಂಟರಿಗೆ ಫೋನ್ ಮಾಡಿ ಕಂತು ಎಷ್ಟೆಂದು ಕೇಳಿ, ತಿಂಗಳ ಸಾಲದ ಕಂತಿಗೆ ಕೂಡಿಸಿ ನೋಡಿ. ನೆಲ ನೆರೆಮಟ್ಟಕ್ಕಿಂತ ಕೆಳಗಿದೆ ಎಂದಾದರೆ ನಿಮ್ಮ ಅಂಜಿಕೆಯೇ ಸರಿ. ಯಜಮಾನರ ಜತೆ ವಾದ ಬೇಡ, ಆ ಸರ್ಟಿಫಿಕೇಟನ್ನು ಅವರ ಮುಂದಿಡಿ.